ಇಂಗ್ಲಿಷಿನ ‘ಬೆಲ್ಲಿ’ಗೂ ಕುಲುಮೆಯ ತಿದಿಗೂ ನಂಟಿದೆಯೇ?

ಪ್ರಶ್ನೆ (ಬದಿಯಡ್ಕ):
ಕನ್ನಡ ಮಾಧ್ಯಮದ ಎಂಟನೆಯ ತರಗತಿಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದಾಗ, ಹೊಟ್ಟೆ ಎಂಬರ್ಥದ ‘ಬೆಲ್ಲಿ’ಗೂ ತಿದಿ ಎಂಬರ್ಥದ ‘ಬೆಲೋಸ್’ಗೂ ಸಂಬಂಧವಿದೆಯೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಉಚ್ಚಾರದ ಹೋಲಿಕೆಯನ್ನಷ್ಟೇ ನಂಬಿ ಉತ್ತರ ಹೇಳಲು ಮನಸ್ಸಾಗಲಿಲ್ಲ. ‘ಸ್ಟಮಕ್’ ಎಂಬ ಪದವೂ ಇರುವಾಗ ಅದಕ್ಕೂ ‘ಬೆಲ್ಲಿ’ಗೂ ಇರುವ ವ್ಯತ್ಯಾಸವೇನು ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಕುಂಬಳೆ):
ಮಾಷ್ಟ್ರೇ, ಆ ಹುಡುಗಿಯ ಊಹೆ ಸರಿಯಾಗಿದೆ. ಅವಳನ್ನು ತರಗತಿಯಲ್ಲೇ ಮೆಚ್ಚಿ ಮಾತನಾಡಿ. ಹಳೆಯ ಇಂಗ್ಲಿಷಿನಲ್ಲಿ ‘ಬೆಲ್ಗ್’ ಎಂದರೆ ತೊಗಲಿನ ಚೀಲ. ಗಾಳಿಯೂದುವ ತಿದಿಗೆ ‘ಬ್ಲಾಸ್ಟ್‌ಬೆಲ್ಗ್’, ಅಂದರೆ ಊದುಚೀಲ, ಎನ್ನುತ್ತಿದ್ದರು. ಇದರ ಏಕವಚನ ರೂಪವು ಚೀಲದಿಂದ ಮೈಗೆ ದಾಟಿ 14ನೆಯ ಶತಮಾನದ ಹೊತ್ತಿಗೆ ಹೊಟ್ಟೆಯ ಹೆಸರಾಗಿ ನೆಲೆಗೊಂಡರೆ, ಬಹುವಚನ ರೂಪವು ಕುಲುಮೆಯಲ್ಲೇ ಉಳಿದು ‘ಬೆಲೋಸ್’ ಆಯಿತು. ಮೂಲಧಾತುವಿನ ಅರ್ಥ ಉಬ್ಬುವುದು ಎಂದು. ಕಮ್ಮಾರನು ತಿದಿಯನ್ನು ಎತ್ತಿದಾಗ ತೊಗಲು ಗಾಳಿ ಕುಡಿದು ಬಿಗಿಯುವುದನ್ನೂ, ಒತ್ತಿದಾಗ ಮಡಿಕೆ ಮಡಿಕೆಯಾಗಿ ಕುಗ್ಗುವುದನ್ನೂ ಕಂಡವರಿಗೆ ಈ ಅರ್ಥ ಬೆಳೆದ ದಾರಿಯನ್ನು ಬೇರೆ ಹೇಳಬೇಕಾಗಿಲ್ಲ. ‘ಬಜೆಟ್’ ಕೂಡ ಇದರ ದೂರದ ಬಂಧು: ಇಂದಿನ ಫ್ರಾನ್ಸಿನ ಪ್ರದೇಶದಲ್ಲಿ ಹಿಂದೆ ಆಡುತ್ತಿದ್ದ ಗಾಲಿಷ್ ಭಾಷೆಯಿಂದ ಲ್ಯಾಟಿನ್ನಿಗೆ ಬಂದ ‘ಬುಲ್ಗಾ’ ಎಂಬ ಚೀಲದ ಹೆಸರು ಫ್ರೆಂಚಿನಲ್ಲಿ ಸಣ್ಣ ತೊಗಲ ಚೀಲವಾಗಿ, ಇಂಗ್ಲಿಷಿನಲ್ಲಿ ಹಣಕಾಸಿನ ಲೆಕ್ಕಕ್ಕೆ ಹೆಸರಾಯಿತು.

ಉತ್ತರ (ಮಂಜೇಶ್ವರ):
‘ಸ್ಟಮಕ್’ ಗ್ರೀಕಿನಿಂದ ಲ್ಯಾಟಿನ್ ಮತ್ತು ಫ್ರೆಂಚುಗಳ ಮೂಲಕ ಬಂದ ಪದ. ಗ್ರೀಕಿನಲ್ಲಿ ‘ಸ್ಟೋಮಾ’ ಎಂದರೆ ಬಾಯಿ. ಅದರಿಂದ ಹುಟ್ಟಿದ ‘ಸ್ಟೋಮಖೋಸ್’ ಮೊದಲು ಗಂಟಲನ್ನೂ ಅನ್ನನಾಳವನ್ನೂ ಸೂಚಿಸಿ, ಬಳಿಕ ಜಠರಕ್ಕೆ ಇಳಿಯಿತು. ಆದುದರಿಂದ ವೈದ್ಯರು ‘ಸ್ಟಮಕ್’ ಎಂದಾಗ ಒಳಗಿನ ಜಠರವನ್ನೂ, ಸಾಮಾನ್ಯರು ‘ಬೆಲ್ಲಿ’ ಎಂದಾಗ ಹೊರಗೆ ಕಾಣುವ ಹೊಟ್ಟೆಯನ್ನೂ ಹೇಳುತ್ತಿದ್ದಾರೆ ಎಂದು ತಿಳಿಯಬಹುದು. ಹಿಂದೆ ‘ಸ್ಟಮಕ್’ಗೆ ಧೈರ್ಯ ಎಂಬ ಅರ್ಥವೂ ಇತ್ತು. 1588ರಲ್ಲಿ ಟಿಲ್ಬರಿಯಲ್ಲಿ ಒಂದನೆಯ ಎಲಿಜಬೆತ್ ರಾಣಿ ಮಾಡಿದಳೆನ್ನಲಾದ ಭಾಷಣದಲ್ಲಿ ತನಗೆ ರಾಜನ ಹೃದಯವೂ ‘ಸ್ಟಮಕ್ಕೂ’ ಇದೆ ಎಂದಿರುವುದು ಈ ಅರ್ಥದಲ್ಲೇ.

ಉತ್ತರ (ನೀರ್ಚಾಲು):
‘ಬೆಲ್ಲಿ’ಗಿಂತ ಮೊದಲು ಇಂಗ್ಲಿಷರು ಹೊಟ್ಟೆಗೆ ಹೇಳುತ್ತಿದ್ದ ಪದ ‘ವಾಂಬ್’. ಅದೇ ಇಂದಿನ ‘ವೂಮ್’ ಆಗಿ ಗರ್ಭಕೋಶವೊಂದಕ್ಕೇ ಸೀಮಿತವಾಗಿದೆ. ಹಳಗನ್ನಡದಲ್ಲಿ ಹೊಟ್ಟೆ ಎಂಬ ಅರ್ಥವಿದ್ದ ‘ಬಸಿರ್’ ಹೊಸಗನ್ನಡದಲ್ಲಿ ಗರ್ಭಕ್ಕಷ್ಟೇ ಉಳಿದದ್ದೂ ಹೀಗೆಯೇ, ಅದರ ಜ್ಞಾತಿಪದವಾದ, ಅಂದರೆ ಒಂದೇ ಮೂಲದಿಂದ ಬಂದ, ಮಲಯಾಳದ ‘ವಯರ್’ ಮಾತ್ರ ಇಂದಿಗೂ ಹೊಟ್ಟೆಯೇ. ಕಾಸರಗೋಡಿನ ನಮ್ಮ ಮಕ್ಕಳಿಗೆ ಕನ್ನಡವೂ ಮಲಯಾಳವೂ ಬರುವುದರಿಂದ ಈ ಜೋಡಿಯನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದರೆ ‘ವೂಮ್’ ಪದದ ಕಥೆ ಅವರಿಗೆ ಸುಲಭವಾಗಿ ತಿಳಿದೀತು.