ಪಿಟಿಎಸ್‌ಡಿಗೆ ಎಂಡಿಎಂಎ ಚಿಕಿತ್ಸೆ: ಸರ್ಟ್ರಲಿನ್ ನಿಲ್ಲಿಸಲೇಬೇಕಾ?

ಪ್ರಶ್ನೆ (ಮೆಲ್ಬರ್ನ್‌ನಿಂದ):
ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ ಅನುಮತಿ ಪಡೆದ ಮನೋವೈದ್ಯರು ಪಿಟಿಎಸ್‌ಡಿಗೆ (ಭೀಕರ ಘಟನೆಯ ಆಘಾತದಿಂದ ಉಳಿಯೋ ಮಾನಸಿಕ ಕಾಯಿಲೆ) ಎಂಡಿಎಂಎ (ಎಕ್ಸ್ಟಸಿ ಅಂತ ಕರೆಯೋ ಅಮಲು ಪದಾರ್ಥ) ಬರೆದುಕೊಡಬಹುದು. ನಮ್ಮ ಮನೆಯವರೊಬ್ಬರಿಗೆ ಕೇಳ್ತಿದ್ದೀನಿ. ಒಂದು ಸಲ ಮಾತ್ರೆ ತಗೊಂಡರೆ ಮುಗೀತಾ? ಈಗ ದಿನಾ ಸರ್ಟ್ರಲಿನ್ (ಖಿನ್ನತೆ, ಆತಂಕಕ್ಕೆ ಕೊಡೋ ಮಾತ್ರೆ) ನಡೀತಿದೆ, ಅದನ್ನೇನು ಮಾಡೋದು?

ಉತ್ತರ 1:
ಒಂದು ಮಾತ್ರೆಯಿಂದ ಆಗೋ ಕೆಲಸ ಅಲ್ಲ ಇದು. ಈ ಚಿಕಿತ್ಸೆಯ ಮೂರನೇ ಹಂತದ ಟ್ರಯಲ್‌ಗಳಲ್ಲಿ (ರೋಗಿಗಳ ಮೇಲೆ ನಡೆಸೋ ಪರೀಕ್ಷೆ) ಮೊದಲು ಔಷಧಿಯೇ ಇಲ್ಲದ ಮೂರು ಭೇಟಿ, ಒಂದೊಂದೂ ಒಂದೂವರೆ ಗಂಟೆ. ಆಮೇಲೆ ಸುಮಾರು ತಿಂಗಳಿಗೊಂದರಂತೆ ಮೂರು ಔಷಧಿ ದಿನ. ಆ ದಿನ ಎಂಟು ಗಂಟೆ, ಇಬ್ಬರು ಥೆರಪಿಸ್ಟ್ ಜೊತೆಗೇ ಇರ್ತಾರೆ. ಮೊದಲ ಸಲ 80 ಮಿ.ಗ್ರಾಂ, ಒಂದೂವರೆ-ಎರಡು ಗಂಟೆ ಬಿಟ್ಟು 40. ಮುಂದಿನ ಎರಡು ಸಲ ಸಾಮಾನ್ಯವಾಗಿ 120, ಮೇಲೆ 60. ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ. ಥೆರಪಿಸ್ಟ್ ಕೆದಕಿ ಕೇಳೋದಿಲ್ಲ. ಭಯ ತಗ್ಗಿದ ಹೊತ್ತಿನಲ್ಲಿ ನೆನಪು ತಾನಾಗೇ ಮೇಲೆ ಬರಲಿ ಅಂತ ಕಾಯ್ತಾರೆ. ಪ್ರತಿ ಔಷಧಿ ದಿನದ ನಂತರ ಮತ್ತೆ ಮೂರು ಭೇಟಿ, ಮೊದಲನೆಯದು ಮರುದಿನ ಬೆಳಿಗ್ಗೆಯೇ. ಬಂದ ನೆನಪನ್ನು ಬಾಳಿಗೆ ಹೊಂದಿಸಿಕೊಳ್ಳೋದು ಇಲ್ಲೇ. ಈ ಭೇಟಿಗಳನ್ನು ಮೊಟಕು ಮಾಡೋ ಕ್ಲಿನಿಕ್‌ಗೆ ಹೋಗಲೇಬೇಡಿ.

ಉತ್ತರ 2:
ಸರ್ಟ್ರಲಿನ್ ವಿಷಯ: ಎಂಡಿಎಂಎ ಕೆಲಸ ಮಾಡೋದು ಸಿರೊಟೋನಿನ್ ಟ್ರಾನ್ಸ್‌ಪೋರ್ಟರ್ (ಮಿದುಳಿನ ನರಕೋಶಗಳಲ್ಲಿ ಸಿರೊಟೋನಿನ್ ಅನ್ನೋ ರಾಸಾಯನಿಕವನ್ನು ಸಾಗಿಸೋ ಪ್ರೋಟೀನ್) ಮೂಲಕ. ಸರ್ಟ್ರಲಿನ್ ಅದನ್ನೇ ತಡೆಯೋದರಿಂದ ಪರಿಣಾಮ ಮಂಕಾಗುತ್ತೆ. ಹಾಗಂತ ನೀವಾಗಿ ನಿಲ್ಲಿಸಬೇಡಿ. ವೈದ್ಯರು ವಾರಗಟ್ಟಲೆ ಹಂತಹಂತವಾಗಿ ಇಳಿಸ್ತಾರೆ. ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಸಿಡಿಮಿಡಿ ಶುರುವಾಗಿ, ಕಾಯಿಲೆಯೇ ಮರುಕಳಿಸಿತೋ ಏನೋ ಅಂತ ಗೊತ್ತಾಗೋದೇ ಇಲ್ಲ. ಇಳಿಸುವಾಗ ಸಾಯೋ ಯೋಚನೆ ಬಂದರೆ ಅವತ್ತೇ ವೈದ್ಯರಿಗೆ ತಿಳಿಸಿ.

ಎಂಡಿಎಂಎ ಜೊತೆ ಸೇರಿದರೆ ನಿಜವಾಗಿ ಪ್ರಾಣಕ್ಕೆ ಕುತ್ತು ತರೋದು ಎಂಎಒಐ ಅನ್ನೋ ಗುಂಪಿನ ಖಿನ್ನತೆಯ ಔಷಧಿಗಳು: ಫಿನೆಲ್ಜಿನ್, ಮೊಕ್ಲೊಬೆಮೈಡ್. ಲಿನೆಜೋಲಿಡ್ ಅನ್ನೋ ಆಂಟಿಬಯಾಟಿಕ್ ಕೂಡ ಇದೇ ಗುಂಪು, ಇದನ್ನು ಎಷ್ಟೋ ಜನ ಹೇಳೋದು ಮರೀತಾರೆ. ಎಂಡಿಎಂಎಯಿಂದ ಬಿಪಿ, ಎದೆಬಡಿತ ಎರಡೂ ಏರುತ್ತವೆ. ಹತೋಟಿಗೆ ಬಾರದ ಬಿಪಿ, ಹೃದ್ರೋಗ ಇದ್ದವರಿಗೆ ಬೇಡ.

ಉತ್ತರ 3:
ಫಲಿತಾಂಶವನ್ನೂ ಸರಿಯಾಗಿ ತಿಳಿದುಕೊಳ್ಳಿ. 2021ರ ಟ್ರಯಲ್‌ನಲ್ಲಿ ಎಂಡಿಎಂಎ ಪಡೆದವರಲ್ಲಿ ಶೇ. 67 ಮಂದಿ ಪಿಟಿಎಸ್‌ಡಿ ಮಾನದಂಡದಿಂದ ಹೊರಬಂದರು. ಬರೀ ಥೆರಪಿ ಮತ್ತು ಪ್ಲಸೀಬೊ (ಔಷಧಿ ಇಲ್ಲದ ಡಮ್ಮಿ ಮಾತ್ರೆ) ಪಡೆದವರಲ್ಲಿ ಶೇ. 32. ಆದರೆ ತಮಗೆ ಸಿಕ್ಕಿದ್ದು ಯಾವುದು ಅಂತ ಬಹುತೇಕರಿಗೆ ಗೊತ್ತಾಗಿಬಿಡುತ್ತೆ, ಹಾಗಾಗಿ ನಿರೀಕ್ಷೆಯ ಪಾಲೆಷ್ಟು, ಔಷಧಿಯ ಪಾಲೆಷ್ಟು ಅಂತ ಬಿಡಿಸೋದು ಕಷ್ಟ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಡದೆ ಇನ್ನೊಂದು ಟ್ರಯಲ್ ಕೇಳಿದ್ದಕ್ಕೆ ಇದೂ ಒಂದು ಕಾರಣ. ಟ್ರಾಮಾ ಸಿಬಿಟಿ (ಆಘಾತದ ಯೋಚನೆ, ನಡವಳಿಕೆ ಬದಲಿಸೋ ಮಾತಿನ ಚಿಕಿತ್ಸೆ), ಇಎಂಡಿಆರ್ (ಕಣ್ಣಾಡಿಸುತ್ತಾ ನೆನಪನ್ನು ತಿಳಿಗೊಳಿಸೋ ಚಿಕಿತ್ಸೆ) ಇನ್ನೂ ಮಾಡಿಸಿಲ್ಲ ಅಂದ್ರೆ ಮೊದಲು ಅವು.

ಭಾರತದಲ್ಲಿ ಎಂಡಿಎಂಎ ಮಾದಕ ವಸ್ತುಗಳನ್ನು ನಿಯಂತ್ರಿಸೋ ಎನ್‌ಡಿಪಿಎಸ್ ಕಾಯ್ದೆಯಡಿ ಬರುತ್ತೆ, ಇಲ್ಲಿ ಚಿಕಿತ್ಸೆ ಮುಂದುವರಿಸೋಕಾಗಲ್ಲ. ಮೂರೂ ಔಷಧಿ ದಿನ, ಅದರ ನಂತರದ ಭೇಟಿಗಳು ಮುಗಿಯೋವರೆಗೆ ಊರಿಗೆ ಟಿಕೆಟ್ ಬುಕ್ ಮಾಡಬೇಡಿ.