ಗೋಡೆಯಿಂದ ಗೋಡೆಗೆ ಬಿಗಿಯುವ ಕಾರ್ಪೆಟ್ಟಿಗೆ ಕನ್ನಡದಲ್ಲಿ ಏನೆನ್ನಬೇಕು?

ಪದಾಸಕ್ತರೆಲ್ಲರಿಗೂ ನಮಸ್ಕಾರ.

ನಾನು ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ನೆಲೆಸಿದ್ದೇನೆ. ಕೋಣೆಯ ನೆಲವನ್ನು ಒಂದು ಅಂಗುಲವೂ ಬಿಡದಂತೆ ಮುಚ್ಚುವ ಕಾರ್ಪೆಟ್ ಇಲ್ಲಿನ ಮನೆಗಳಲ್ಲಿ ಸಾಮಾನ್ಯ. ಕಳೆದ ಚಳಿಗಾಲದಲ್ಲಿ ನಮ್ಮ ಮಲಗುವ ಕೋಣೆಗೆ ಅದನ್ನು ನಾನೇ ಹಾಕಿದೆ. ಆ ಕೆಲಸದ ಕ್ರಮವನ್ನು ಇಲ್ಲಿನ ಕನ್ನಡ ಬಳಗದವರಿಗಾಗಿ ಬರೆದಿಡೋಣವೆಂದು ಕುಳಿತಾಗ ಮೊದಲ ವಾಕ್ಯದಲ್ಲೇ ತಡೆಯಾಯಿತು. ಊರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ "ಕೋಣೆಗೆ ಜಮಖಾನೆ ಹಾಸಿದೆ" ಎಂದಿದ್ದೆ. "ಹಾಸಿದ್ದು ಸರಿ, ಅದನ್ನ ಎತ್ತಿ ಬಿಸಿಲಿಗೆ ಹಾಕಿ ಕೊಡವೋದು ಯಾವಾಗ?" ಎಂದು ಅವರು ಕೇಳಿದರು. ಮೊಳೆಗೆ ಸಿಕ್ಕಿಸಿ ಬಿಗಿದಿದ್ದೇನೆ, ಎತ್ತುವ ಹಾಗಿಲ್ಲ ಎಂದೆ. "ಹಾಗಾದ್ರೆ ಅದು ಜಮಖಾನೆ ಅಲ್ಲ ಬಿಡು" ಎಂದುಬಿಟ್ಟರು.

ಅಮ್ಮನ ಮಾತು ಸರಿಯೆಂದೇ ನನಗೂ ತೋರುತ್ತದೆ. ಜಮಖಾನೆ ಎಂದರೆ ಮಂದಿ ಬಂದಾಗ ಹಾಸಿ, ಹೋದಮೇಲೆ ಮಡಿಚಿಡುವ ವಸ್ತು. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ಮಗ್ಗದಲ್ಲಿ ನೇಯುವ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಜಮಖಾನೆಯಂತೂ ಹತ್ತಿಯ ನೂಲಿನ ಚಪ್ಪಟೆ ನೇಯ್ಗೆ. ಅದರಲ್ಲಿ ಮೇಲಕ್ಕೆ ನಿಲ್ಲುವ ಎಳೆಗಳೇ ಇರುವುದಿಲ್ಲ. ರತ್ನಗಂಬಳಿಯಲ್ಲಿ ಆ ಎಳೆಗಳು ಇವೆಯಾದರೂ, ಆ ಪದಕ್ಕೆ ಅಂಟಿಕೊಂಡಿರುವ ಅರಮನೆಯ ವೈಭವವನ್ನು ಹತ್ತು ವರ್ಷಕ್ಕೊಮ್ಮೆ ಕಿತ್ತೆಸೆಯುವ ನೈಲಾನ್ ಕಾರ್ಪೆಟ್ಟಿಗೆ ಹೊರಿಸಲು ಮನಸ್ಸು ಒಪ್ಪುವುದಿಲ್ಲ. ಬರಿಯ ಕಂಬಳಿಯಂತೂ ನಮ್ಮಲ್ಲಿ ಹೊದೆಯುವುದಕ್ಕೇ ಮೊದಲು ನೆನಪಾಗುತ್ತದೆ. ಇನ್ನು ನೆಲಹಾಸು ಎಂಬುದು ಒಳ್ಳೆಯ ಪದ, ಆದರೆ ಈಗ ಅದನ್ನು ಟೈಲ್ಸಿಗೂ ವಿನೈಲ್ ಹಾಳೆಗೂ ಒಟ್ಟಾಗಿ ಬಳಸುತ್ತಿರುವುದರಿಂದ, ಇದೊಂದನ್ನೇ ಬೇರ್ಪಡಿಸಿ ತೋರಿಸುವುದಿಲ್ಲ.

ಹಾಸು ಎಂಬ ಕ್ರಿಯಾಪದವನ್ನೇ ಬಿಡಬೇಕೇ ಎಂದು ಕೆಲವು ದಿನ ಯೋಚಿಸಿದೆ. ಬಿಡಬೇಕಾಗಿಲ್ಲ ಎಂಬುದಕ್ಕೆ ಹಾಸುಗಲ್ಲೇ ಸಾಕ್ಷಿ. ಉತ್ತರ ಕರ್ನಾಟಕದಲ್ಲಿ ಶಹಾಬಾದಿನ ಫರಸಿಯನ್ನು ಗಾರೆಯಲ್ಲಿ ಕೂರಿಸಿ ಶಾಶ್ವತವಾಗಿ ಹಾಸುತ್ತಾರೆ, ಅದನ್ನು ಯಾರೂ ಮಡಿಚಿಡುವುದಿಲ್ಲ. ಈ ಫರಸಿಯ ಮೂಲವಾದ ಫರ್ಶ್ ಎಂಬ ಅರಬ್ಬಿ ಪದಕ್ಕೆ ಹಾಸುವುದು, ಹಾಸು ಎಂಬ ಅರ್ಥವಿದ್ದು, ಪಾರಸಿಯಲ್ಲಿ ಅದು ಇಂದಿಗೂ ಕಾರ್ಪೆಟ್ಟನ್ನು ಸೂಚಿಸುತ್ತದೆ. ಹಿಂದಿಗೆ ಬಂದು ನೆಲವಾಗಿ, ನಮ್ಮಲ್ಲಿ ನೆಲದ ಕಲ್ಲಾಗಿ ನಿಂತಿದೆ. ಬಟ್ಟೆಯಿಂದ ಕಲ್ಲಿಗೆ ಇಷ್ಟು ದೂರ ಬಂದ ಪದ ಕಣ್ಣೆದುರಿಗೇ ಇರುವಾಗ, ಮೊಳೆಗೆ ಬಿಗಿದ ಕಾರ್ಪೆಟ್ಟಿಗೂ ಹಾಸು ಒಗ್ಗುತ್ತದೆ ಎಂಬ ಧೈರ್ಯ ನನಗೆ ಬಂತು.

ಆದ್ದರಿಂದ ನನ್ನ ಸೂಚನೆ ತುಂಬುಹಾಸು. ಮಣಿಕಟ್ಟಿನವರೆಗೆ ಬರುವ ತೋಳಿನ ಅಂಗಿಯನ್ನು ತುಂಬುತೋಳಿನ ಅಂಗಿ ಎನ್ನುತ್ತೇವಲ್ಲ, ಅದೇ ಜಾಡಿನಲ್ಲಿ ಕೋಣೆಯ ಅಂಚಿನವರೆಗೆ ಬರುವ ಹಾಸು ತುಂಬುಹಾಸು. 'ಗೋಡೆಯಿಂದ ಗೋಡೆಗೆ ಹಾಸು' ಎಂದು ಇಂಗ್ಲಿಷನ್ನು ಪದಕ್ಕೆ ಪದ ಇಳಿಸುವುದಕ್ಕಿಂತ ಇದು ಬಾಯಿಗೆ ಹಗುರ.

ಉಳಿದ ಪದಗಳು ಕೆಲಸ ಮಾಡುತ್ತಿರುವಾಗಲೇ ಒಂದೊಂದಾಗಿ ಹೊಳೆದವು. ಗೋಡೆಯ ಬುಡದುದ್ದಕ್ಕೂ, ಸುಮಾರು ಕಾಲು ಅಂಗುಲದ ಸಂದು ಬಿಟ್ಟು, ಒಂದು ಅಂಗುಲ ಅಗಲದ ತೆಳು ಮರದ ಪಟ್ಟಿಯನ್ನು ನೆಲಕ್ಕೆ ಹೊಡೆಯುತ್ತಾರೆ. ಅದರಲ್ಲಿರುವ ಚೂಪು ಮೊಳೆಗಳು ನೆಟ್ಟಗೆ ನಿಂತಿರದೆ ಗೋಡೆಯ ಕಡೆಗೆ ವಾಲಿರುತ್ತವೆ. ಎಳೆದ ಕಾರ್ಪೆಟ್ಟು ಹಿಂದಕ್ಕೆ ಜಾರದಂತೆ ಕಚ್ಚಿ ಹಿಡಿಯುವುದು ಆ ವಾಲಿನಿಂದಲೇ. ನಮ್ಮ ಬಡಗಿಗಳು ಇಂಥ ಪಟ್ಟಿಗೆ ರೀಪು ಎನ್ನುವುದರಿಂದ ಮುಳ್ಳುರೀಪು ಎಂದು ಬರೆದುಕೊಂಡಿದ್ದೇನೆ. ಕೈಗವಸು ತೊಡದೆ ಅದನ್ನು ಹಿಡಿದವರಿಗೆ ಮುಳ್ಳು ಎಂಬ ಪದವನ್ನು ವಿವರಿಸಬೇಕಾಗುವುದಿಲ್ಲ. ಕಾರ್ಪೆಟ್ಟಿನ ಅಡಿಗೆ ಹಾಕುವ ಸ್ಪಂಜಿನ ಪದರಕ್ಕೆ ದರ್ಜಿಗಳ ಅಸ್ತರಿಯನ್ನು ಎರವಲು ಪಡೆಯಬಹುದಿತ್ತು, ಆದರೆ ಅಸ್ತರಿ ತೆಳುವಾದದ್ದು. ಅರ್ಧ ಅಂಗುಲದ ಹತ್ತಿರ ಬರುವ ಈ ಪದರಕ್ಕೆ ಅಡಿಮೆತ್ತೆ ಎಂಬುದೇ ಹೊಂದುತ್ತದೆ.

ಇಲ್ಲಿ ಕಾರ್ಪೆಟ್ಟಿನ ಸುರುಳಿಗಳು ಹೆಚ್ಚಾಗಿ 12 ಅಡಿ ಅಗಲದಲ್ಲಿ ಬರುತ್ತವೆ. ಕೋಣೆ ಅದಕ್ಕಿಂತ ಅಗಲವಾಗಿದ್ದರೆ ಎರಡು ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿ, ಅಡಿಯಲ್ಲಿ ಅಂಟಿನ ಪಟ್ಟಿ ಇಟ್ಟು, ಇಸ್ತ್ರಿಪೆಟ್ಟಿಗೆಯಂಥ ಉಪಕರಣದಿಂದ ಕಾಯಿಸಿ ಒತ್ತಬೇಕು. ಸೂಜಿದಾರದ ಕೆಲಸವಿಲ್ಲದ ಇದನ್ನು ಹೊಲಿಗೆ ಎನ್ನುವುದು ತಪ್ಪಾದೀತು. ಕಾಯಿಸಿ ಕೂಡಿಸುವುದರಿಂದ ಬೆಸುಗೆ ಎನ್ನಬಹುದೇ, ಅಥವಾ ಬೆಸುಗೆ ಲೋಹಕ್ಕೇ ಮೀಸಲೇ?

ಈ ಬೆಸುಗೆಯಲ್ಲೇ ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ, ಇನ್ನೂ ಸಿಗದ ಪದವೊಂದಿದೆ. ಮೇಲೆ ನಿಂತ ಎಳೆಗಳ ಸಮೂಹವನ್ನು ತುಪ್ಪಳ ಎನ್ನೋಣ. ಆ ತುಪ್ಪಳ ಒಂದು ದಿಕ್ಕಿಗೆ ಮಲಗಿರುತ್ತದೆ. ಅಂಗೈಯಿಂದ ಒಂದು ಕಡೆ ಸವರಿದರೆ ನಯವಾಗಿ ಜಾರುತ್ತದೆ, ಎದುರು ಸವರಿದರೆ ಬೆಕ್ಕಿನ ಬೆನ್ನನ್ನು ಬಾಲದಿಂದ ತಲೆಗೆ ತಡವಿದಂತೆ ಸೆಟೆದು ಕಪ್ಪಾಗಿ ಕಾಣುತ್ತದೆ. ಎರಡು ತುಂಡುಗಳ ತುಪ್ಪಳ ಎದುರುಬದುರಾಗಿ ಮಲಗಿದರೆ, ಒಂದೇ ಸುರುಳಿಯಿಂದ ಕತ್ತರಿಸಿದ್ದರೂ ಬೆಳಕಿಗೆ ಎರಡು ಬಣ್ಣವಾಗಿ ತೋರುತ್ತದೆ. ಈ ಮಲಗುವ ದಿಕ್ಕಿಗೆ ಒಂದೇ ಮಾತಿನ ಹೆಸರು ಕನ್ನಡದಲ್ಲಿ ಇರಲೇಬೇಕು. ಕುರಿಯ ತುಪ್ಪಳ ಕತ್ತರಿಸುವವರು ಅಥವಾ ಮಖಮಲ್ಲಿನ ಬಟ್ಟೆ ಹೊಲಿಯುವ ದರ್ಜಿಗಳು ಏನನ್ನುತ್ತಾರೆಂದು ಬಲ್ಲವರು ತಿಳಿಸಬೇಕು. ಸಿಗುವವರೆಗೆ ನಾನು ವಾಲು ಎಂದು ಬರೆಯುತ್ತಿದ್ದೇನೆ, ಆದರೆ ಅದೇ ಪದವನ್ನು ಮೊಳೆಗೂ ಬಳಸಿರುವುದು ನನಗೆ ಹಿತವೆನಿಸಿಲ್ಲ.

ಕೊನೆಯದು ಒಂದು ಉಪಕರಣ. ಅದರ ಒಂದು ತುದಿಯಲ್ಲಿರುವ ಹಲ್ಲುಗಳನ್ನು ಕಾರ್ಪೆಟ್ಟಿಗೆ ಊರಿ, ಮೆತ್ತೆ ಇರುವ ಇನ್ನೊಂದು ತುದಿಯನ್ನು ಮಂಡಿಯ ತುಸು ಮೇಲಿನ ಭಾಗದಿಂದ ಗುದ್ದಿದರೆ ಕಾರ್ಪೆಟ್ಟು ಮುಂದಕ್ಕೆ ಸರಿದು ಮುಳ್ಳುರೀಪಿಗೆ ಸಿಕ್ಕಿಕೊಳ್ಳುತ್ತದೆ. ಮಂಡಿ ಮತ್ತು ಕೊಡತಿ ಸೇರಿಸಿ ಮಂಡಿಗೊಡತಿ ಎಂದು ಹೆಸರಿಟ್ಟಿದ್ದೇನೆ. ಕಂಬಳಿ ರತ್ನಗಂಬಳಿಯಾದಂತೆ ಇಲ್ಲಿಯೂ ಕಕಾರ ಗಕಾರವಾಗಿದೆ. ಆದರೆ ಕೊಡತಿ ಬಡಿಯುವ ವಸ್ತು, ಇದು ಬಡಿಸಿಕೊಳ್ಳುವ ವಸ್ತು. ಈ ತೊಡಕು ಪದವನ್ನು ಕೆಡಿಸುತ್ತದೆಯೇ? ಕೆಡಿಸುತ್ತದೆ ಎನ್ನುವವರು ಬದಲಿ ಪದವನ್ನೂ ದಯವಿಟ್ಟು ಸೂಚಿಸಿರಿ.