ಮುಖ್ಯರಸ್ತೆ ತಿರುವಿನ ಅಪಘಾತ: ಈ ಸಲ ಸುಮ್ನೆ ಬಿಡೋದು ಬೇಡ

ಮೂಲೆ ಮನೆ, 2ನೇ ಅಡ್ಡರಸ್ತೆ:
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ತಿರುವಿನಲ್ಲಿ ಮರಕ್ಕೆ ಗುದ್ದಿದ ಕಾರಿನ ಚಾಲಕ ಉಳಿಯಲಿಲ್ಲ. ಬೆಳಿಗ್ಗೆ ಹೋಗಿ ನೋಡಿದೆ. ಮರದ ತೊಗಟೆ ಮೊಣಕಾಲೆತ್ತರದಲ್ಲಿ ಕಿತ್ತುಹೋಗಿದೆ. ಅದರ ಪಕ್ಕದಲ್ಲೇ ಹಳೇ ಗಾಯದ ಗುರುತೂ ಇದೆ, ಒಣಗಿ ಕಪ್ಪಾಗಿದೆ. ಅಂದರೆ ಅದೇ ಮರ, ಅದೇ ಎತ್ತರ, ಬೇರೆ ಕಾರು. ಬೇರೆ ಬೇರೆ ಚಾಲಕರು ಒಂದೇ ಜಾಗದಲ್ಲಿ ಒಂದೇ ತರಹ ದಾರಿ ತಪ್ಪುತ್ತಿದ್ದಾರೆ ಅಂದರೆ ಬರೀ ಚಾಲಕರನ್ನು ಬೈದು ಏನು ಪ್ರಯೋಜನ? ಆ ಜಾಗದಲ್ಲೇ ಏನೋ ದೋಷ ಇದೆ. ಭಾನುವಾರ ಎಲ್ಲರೂ ಸೇರಿ ಅಲ್ಲೇ ನಿಂತು ನೋಡೋಣ, ಆಮೇಲೆ ರಸ್ತೆ ಇಲಾಖೆಗೆ ಒಟ್ಟಾಗಿ ಅರ್ಜಿ ಕೊಡೋಣ.

ಮೊದಲ ಮಹಡಿ, 3ನೇ ಅಡ್ಡರಸ್ತೆ:
ತುಂಬಾ ಬೇಜಾರಾಯಿತು. ಆದರೆ ಸರ್, ರಾತ್ರಿ ಹೊತ್ತು ಅಲ್ಲಿ ಬರುವ ವೇಗ ನೋಡಿದ್ದೀರಲ್ಲ. ಕೆಲವರು ಕುಡಿದಿರುತ್ತಾರೆ, ಕೆಲವರ ಕಣ್ಣು ಮೊಬೈಲ್ ಮೇಲೆ. ಅವರ ತಪ್ಪಿಗೆ ರಸ್ತೆ ಏನು ಮಾಡುತ್ತದೆ? ಎರಡು ಹಂಪ್ ಹಾಕಿಸಿಬಿಡಿ, ಮುಗೀತು.

ನಿವೃತ್ತ ಎಂಜಿನಿಯರ್, 1ನೇ ಅಡ್ಡರಸ್ತೆ:
ನೀವು ಹೇಳಿದ ಕಾರಣಗಳೆಲ್ಲ ನಿಜ. ವೇಗ, ಕುಡಿತ, ಮೊಬೈಲ್, ನಿದ್ದೆ, ಬೆಲ್ಟ್ ಹಾಕದಿರುವುದು, ಪ್ರಪಂಚದ ಎಲ್ಲ ಕಡೆ ಜೀವ ಹೋಗುವ ಅಪಘಾತಗಳಲ್ಲಿ ಇವೇ ಮತ್ತೆ ಮತ್ತೆ ಕಾಣುತ್ತವೆ. ಚಾಲನೆ ಮಾಡುತ್ತಾ ಫೋನ್ ಬಳಸಿದರೆ ಅಪಘಾತದ ಸಾಧ್ಯತೆ ಸುಮಾರು 4 ಪಟ್ಟು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಜನ ತಪ್ಪು ಮಾಡುವುದನ್ನು ಪೂರ್ತಿ ನಿಲ್ಲಿಸಲು ಯಾರಿಂದಲೂ ಆಗಿಲ್ಲ. ಸ್ವೀಡನ್ 1997ರಲ್ಲಿ 'ವಿಷನ್ ಜೀರೋ' ಅಂತ ಒಂದು ನೀತಿ ತಂದಿತು. ಮನುಷ್ಯ ತಪ್ಪು ಮಾಡೇ ಮಾಡುತ್ತಾನೆ, ಆ ತಪ್ಪಿಗೆ ಸಾವು ಶಿಕ್ಷೆ ಆಗಬಾರದು, ರಸ್ತೆಯನ್ನು ಹಾಗೆ ಕಟ್ಟಬೇಕು ಅನ್ನುವುದು ಅದರ ತಿರುಳು. ನನಗೆ ಅದು ಪೂರ್ತಿ ಒಪ್ಪಿಗೆ.

ನಮ್ಮ ತಿರುವನ್ನೇ ನೋಡಿ. ಮೊದಲು ಉದ್ದಕ್ಕೆ ನೇರ ರಸ್ತೆ. ಹಾಗೆ ಜೋರಾಗಿ ಬಂದವನಿಗೆ ಸ್ವಲ್ಪ ಹೊತ್ತಿನಲ್ಲಿ ಆ ವೇಗ ವೇಗ ಅಂತಲೇ ಅನಿಸುವುದಿಲ್ಲ, ಬ್ರೇಕ್ ಸ್ವಲ್ಪ ಒತ್ತಿ ಸಾಕಷ್ಟು ನಿಧಾನ ಆಯಿತು ಅಂದುಕೊಳ್ಳುತ್ತಾನೆ, ಅಷ್ಟರಲ್ಲಿ ತಿರುವು ಶುರುವಾಗಿ ಒಳಗೆ ಹೋದಂತೆ ಇನ್ನೂ ಬಿಗಿಯಾಗುತ್ತದೆ. ಎಚ್ಚರಿಕೆ ಫಲಕ ಕೊಂಬೆಯ ಹಿಂದೆ ಮುಚ್ಚಿಹೋಗಿದೆ. ಡಾಂಬರಿನ ಅಂಚಿಗೂ ಮಣ್ಣಿಗೂ ಒಂದು ಗೇಣು ತಗ್ಗು. ಚಕ್ರ ಆ ತಗ್ಗಿಗೆ ಇಳಿದರೆ ಚಾಲಕ ಗಾಬರಿಯಲ್ಲಿ ಸ್ಟೀರಿಂಗ್ ಎಳೆಯುತ್ತಾನೆ, ಚಕ್ರ ಒಮ್ಮೆಲೇ ಮೇಲೆ ಹತ್ತುತ್ತದೆ, ಕಾರು ಎದುರು ಬದಿಗೆ ಚಿಮ್ಮುತ್ತದೆ. ಆ ಬದಿಯಲ್ಲೇ ಮರ ಇರುವುದು.

ಮೂಲೆ ಮನೆ, 2ನೇ ಅಡ್ಡರಸ್ತೆ:
ರಸ್ತೆ ಮೇಲೆ ಟೈರ್ ಉಜ್ಜಿದ ಗುರುತೇ ಇಲ್ಲ ಸರ್. ಬ್ರೇಕ್ ಹಾಕಲೇ ಇಲ್ಲ ಅಂತ ಅರ್ಥ ಅಲ್ವಾ?

ನಿವೃತ್ತ ಎಂಜಿನಿಯರ್, 1ನೇ ಅಡ್ಡರಸ್ತೆ:
ಹಾಗೆ ಹೇಳಲು ಬರುವುದಿಲ್ಲ. ಎಬಿಎಸ್ ಅನ್ನುವ ಬ್ರೇಕ್ ವ್ಯವಸ್ಥೆ ಇರುವ ಕಾರಿನಲ್ಲಿ ಚಕ್ರ ಲಾಕ್ ಆಗುವುದಿಲ್ಲ, ಜೋರಾಗಿ ಬ್ರೇಕ್ ಒತ್ತಿದರೂ ಗುರುತು ಕಾಣದೇ ಇರಬಹುದು. ಸತ್ತವರ ಬಗ್ಗೆ ನಾವು ಊಹೆ ಮಾಡುವುದು ಬೇಡ.

ಕ್ಯಾಬ್ ಓಡಿಸುವವರು, 4ನೇ ಅಡ್ಡರಸ್ತೆ:
ರಾತ್ರಿ ಪಾಳಿಯಲ್ಲಿ ಓಡಿಸುವವನಾಗಿ ಒಂದು ಮಾತು. ನಿದ್ದೆ ಬಂದದ್ದು ಚಾಲಕನಿಗೇ ಗೊತ್ತಾಗುವುದಿಲ್ಲ. ಕಣ್ಣು ತೆರೆದೇ ಇರುತ್ತದೆ, ಹಿಂದಿನ ಅರ್ಧ ಕಿಲೋಮೀಟರ್ ಹೇಗೆ ಬಂದೆ ಅಂತ ನೆನಪಿರುವುದಿಲ್ಲ. 100 ಕಿ.ಮೀ. ವೇಗದಲ್ಲಿ 3 ಸೆಕೆಂಡ್ ಮಂಪರು ಬಂದರೆ ಕಾರು 80 ಮೀಟರ್‌ಗಿಂತ ಜಾಸ್ತಿ ದೂರ ಯಾರೂ ನೋಡದೇ ಓಡಿರುತ್ತದೆ. ಕಿಟಕಿ ಇಳಿಸುವುದು, ಹಾಡು ಹಾಕುವುದು, ಇದರಿಂದ ಏನೂ ಆಗುವುದಿಲ್ಲ, ನಿಲ್ಲಿಸಿ ಮಲಗಲೇಬೇಕು. ಮತ್ತೆ ಆ ತಿರುವಿನ ದೀಪ ಕೆಟ್ಟಿದೆ. ಎದುರಿನ ಗಾಡಿಯ ಹೈಬೀಮ್ ಕಣ್ಣಿಗೆ ಬಿದ್ದ ಮೇಲೆ ರಸ್ತೆ ಯಾವ ಕಡೆ ತಿರುಗುತ್ತದೆ ಅಂತಲೇ ಕಾಣುವುದಿಲ್ಲ. ಅಂಚಿನಲ್ಲಿ ಬಿಳಿ ಪಟ್ಟಿ, ಹೊಳೆಯುವ ಬಾಣದ ಫಲಕ ಇದ್ದರೆ ನಮ್ಮಂಥವರಿಗೆ ಎಷ್ಟೋ ಆಸರೆ.

ಮೊದಲ ಮಹಡಿ, 3ನೇ ಅಡ್ಡರಸ್ತೆ:
ಸರಿ, ಆದರೆ ಹಂಪ್ ಯಾಕೆ ಬೇಡ?

ನಿವೃತ್ತ ಎಂಜಿನಿಯರ್, 1ನೇ ಅಡ್ಡರಸ್ತೆ:
ಬೇಡ ಅಂತಲ್ಲ ಮೇಡಂ. ತಿರುವಿನ ಒಳಗೆ, ಬಣ್ಣ ಇಲ್ಲದೆ, ಫಲಕ ಇಲ್ಲದೆ ಹಾಕಿದರೆ ಕತ್ತಲಲ್ಲಿ ಬೈಕಿನವರು ಹಾರಿ ಬೀಳುತ್ತಾರೆ. ತಿರುವಿಗಿಂತ ಸಾಕಷ್ಟು ಮೊದಲೇ ವೇಗ ಇಳಿಸಬೇಕು. ಅದಕ್ಕೆ ಅಲ್ಲಿ ಗಂಟೆಗೆ 40 ಕಿ.ಮೀ. ಮಿತಿಯನ್ನೂ ಕೇಳೋಣ. ಲೆಕ್ಕ ನೋಡಿ. ಒಣ ರಸ್ತೆ, ಒಳ್ಳೆ ಟೈರ್, ಅಪಾಯ ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಅಂತ ಇಟ್ಟುಕೊಳ್ಳಿ. 60ರಲ್ಲಿ ಬರುವ ಕಾರು ನಿಲ್ಲಲು ಸುಮಾರು 45 ಮೀಟರ್ ಬೇಕು. 80ರಲ್ಲಿ ಬಂದರೆ ಸುಮಾರು 68 ಮೀಟರ್. ಇಷ್ಟೇ ಆಗಿದ್ದರೆ ಪರವಾಗಿಲ್ಲ. 60ರ ಕಾರು ಪೂರ್ತಿ ನಿಂತ ಜಾಗದಲ್ಲಿ 80ರ ಕಾರು ಇನ್ನೂ ಸುಮಾರು 65ರಲ್ಲಿ ಓಡುತ್ತಿರುತ್ತದೆ! ಒಬ್ಬ ಬದುಕುತ್ತಾನೆ, ಇನ್ನೊಬ್ಬ ಇಲ್ಲ. ಮಳೆ ಬಂದರೆ ಇನ್ನೂ ಕಷ್ಟ, ಅದರಲ್ಲೂ ಮೊದಲ ಮಳೆಗೆ ರಸ್ತೆಯ ಎಣ್ಣೆ, ಧೂಳು ಸೇರಿ ಜಾರುತ್ತದೆ. ನಮ್ಮ ಅಡ್ಡರಸ್ತೆಯಿಂದ ಹೊರಗೆ ಬರುವಾಗ ಆ ಬೇಲಿ ದಾಟಿ ಎಷ್ಟು ದೂರ ಕಾಣುತ್ತದೆ ಅಂತ ಭಾನುವಾರ ಟೇಪ್ ಹಿಡಿದು ಅಳೆಯೋಣ. 45 ಮೀಟರ್ ಕಾಣದಿದ್ದರೆ 60ರಲ್ಲಿ ಬರುವವನಿಗೂ ನಮ್ಮ ಮಕ್ಕಳ ಸೈಕಲ್ ತಪ್ಪಿಸಲು ಆಗುವುದಿಲ್ಲ.

ನರ್ಸ್, 2ನೇ ಅಡ್ಡರಸ್ತೆ:
ತುರ್ತು ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಅದಕ್ಕೇ ಇದನ್ನು ಹೇಳಲೇಬೇಕು. ಹಿಂದಿನ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕುವುದೇ ಇಲ್ಲ. ಕಾರು ಒಮ್ಮೆಲೇ ನಿಂತಾಗ ಅವರ ದೇಹ ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಮುಂದಿನ ಸೀಟಿಗೆ ಬಂದು ಬಡಿಯುತ್ತದೆ, ಬೆಲ್ಟ್ ಹಾಕಿ ಮುಂದೆ ಕೂತವರೂ ಅದರಿಂದ ಸಾಯುತ್ತಾರೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು 'ನಾನು ಗಟ್ಟಿಯಾಗಿ ಹಿಡಿದಿರುತ್ತೇನೆ' ಅನ್ನುತ್ತಾರೆ. ಯಾವ ತಾಯಿಯ ತೋಳಿಗೂ ಆ ಶಕ್ತಿ ಇಲ್ಲ ಅಕ್ಕಂದಿರೇ, ದಯವಿಟ್ಟು ಮಕ್ಕಳ ಸೀಟ್ ಹಾಕಿಸಿ. ಏರ್‌ಬ್ಯಾಗ್ ಇದೆ ಅಂತ ಬೆಲ್ಟ್ ಬಿಡಬೇಡಿ, ಬೆಲ್ಟ್ ಹಾಕಿಕೊಂಡವರನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಅದನ್ನು ಮಾಡಿರುವುದು. 5ರಿಂದ 29 ವರ್ಷದವರ ಸಾವಿಗೆ ಪ್ರಪಂಚದಲ್ಲಿ ಮೊದಲ ಕಾರಣ ಕಾಯಿಲೆಯಲ್ಲ, ರಸ್ತೆ ಅಪಘಾತ. ಎಲ್ಲ ವಯಸ್ಸಿನವರು ಸೇರಿ ರಸ್ತೆಯಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಹೋಗುತ್ತಾರೆ, ಅರ್ಧಕ್ಕಿಂತ ಜಾಸ್ತಿ ಜನ ನಡೆಯುವವರು, ಸೈಕಲ್‌ನವರು, ಬೈಕಿನವರು. ಇದನ್ನು ಹಣೆಬರಹ ಅಂತ ಯಾರೂ ಹೇಳಬೇಡಿ.

ಕೊನೇ ಮನೆ, 4ನೇ ಅಡ್ಡರಸ್ತೆ:
ಎಲ್ಲ ಒಪ್ಪುತ್ತೇನೆ. ಆದರೆ ಮುಖ್ಯರಸ್ತೆಯಲ್ಲಿ 40ರ ಮಿತಿ ಅಂದರೆ ಕೆಲಸಕ್ಕೆ ಹೋಗುವವರಿಗೆ ತಡ ಆಗುವುದಿಲ್ಲವೇ? ಬೇರೆ ಬಡಾವಣೆಯವರೂ ಆಕ್ಷೇಪ ಮಾಡಬಹುದು.

ಮೂಲೆ ಮನೆ, 2ನೇ ಅಡ್ಡರಸ್ತೆ:
ಅಣ್ಣ, ನಾವು ಕೇಳುತ್ತಿರುವುದು ತಿರುವಿನ ಆಚೆ ಈಚೆ ಸೇರಿ ಒಂದು ಕಿಲೋಮೀಟರ್‌ಗೆ ಮಾತ್ರ. 60ರಲ್ಲಿ ಅದಕ್ಕೆ ಒಂದು ನಿಮಿಷ, 40ರಲ್ಲಿ ಒಂದೂವರೆ. ವ್ಯತ್ಯಾಸ 30 ಸೆಕೆಂಡ್. ಯಾರಾದರೂ ಆಕ್ಷೇಪ ಮಾಡಿದರೆ ಆ ಮರದ ಹತ್ತಿರ ಕರೆದುಕೊಂಡು ಹೋಗಿ ಇದನ್ನೇ ಹೇಳುತ್ತೇನೆ.

ಸಂಘದ ಕಾರ್ಯದರ್ಶಿ:
ಹಾಗಾದರೆ ಭಾನುವಾರ ಬೆಳಿಗ್ಗೆ 7 ಗಂಟೆಗೆ. ಅರ್ಜಿಯಲ್ಲಿ ಬರೀ 'ಕ್ರಮ ಕೈಗೊಳ್ಳಿ' ಅಂತ ಬರೆದರೆ ಫೈಲಿನಲ್ಲಿ ಕೂರುತ್ತದೆ, ಅಳತೆ, ಫೋಟೋ ಎರಡೂ ಇರಲಿ. ವೇಗ ಅಳೆಯುವುದು ಸುಲಭ ಅಂತ ಎಂಜಿನಿಯರ್ ಸರ್ ಹೇಳಿದರು. ನೇರ ರಸ್ತೆಯ ಬದಿಯಲ್ಲಿ 100 ಮೀಟರ್ ಅಂತರಕ್ಕೆ ಎರಡು ಗುರುತು, ಮೊಬೈಲಿನ ಸ್ಟಾಪ್‌ವಾಚ್. 9 ಸೆಕೆಂಡ್‌ನಲ್ಲಿ ದಾಟಿದರೆ 40, 6ರಲ್ಲಿ ದಾಟಿದರೆ 60, ನಾಲ್ಕೂವರೆಯಲ್ಲಿ ದಾಟಿದರೆ 80. ತಿರುವಿನ ಹೊರಬದಿಯಲ್ಲಿ ಯಾರೂ ನಿಲ್ಲಬೇಡಿ, ತಪ್ಪಿದ ಗಾಡಿ ಅಲ್ಲಿಗೇ ಬರುವುದು. ಎದ್ದು ಕಾಣುವ ಬಣ್ಣದ ಬಟ್ಟೆ ಹಾಕಿಕೊಂಡು ಬನ್ನಿ, ಮಕ್ಕಳನ್ನು ಕರೆತರಬೇಡಿ. ಅರ್ಜಿಯಲ್ಲಿ ಮೊದಲು ದೀಪ, ಅಂಚಿನ ತಗ್ಗು ತುಂಬುವುದು ಮತ್ತು ಬಾಣದ ಫಲಕ ಕೇಳೋಣ, ಇವು ಬೇಗ ಆಗುವ ಕೆಲಸ. ಮರದ ಮುಂದೆ ತಡೆಬೇಲಿ, ವೇಗ ಮಿತಿ, ತಿರುವಿಗೆ ಮೊದಲೇ ಉಬ್ಬು, ಇವನ್ನು ಎರಡನೇ ಪುಟದಲ್ಲಿ ಹಾಕೋಣ.

ಮೊದಲ ಮಹಡಿ, 3ನೇ ಅಡ್ಡರಸ್ತೆ:
ನಾನು ಬರುತ್ತೇನೆ, ಫೋಟೋ ನನಗೆ ಬಿಡಿ. ಹಿಂದಿನ ಅಪಘಾತದ ಚಿತ್ರಗಳೂ ನಮ್ಮ ಮನೆಯವರ ಫೋನಿನಲ್ಲಿವೆ, ಹುಡುಕಿ ಕಳಿಸುತ್ತೇನೆ.

ಕ್ಯಾಬ್ ಓಡಿಸುವವರು, 4ನೇ ಅಡ್ಡರಸ್ತೆ:
ಪಾಳಿ ಮುಗಿಸಿ ನೇರ ಅಲ್ಲಿಗೇ ಬರುತ್ತೇನೆ. ರಾತ್ರಿ ಆ ಜಾಗ ಹೇಗೆ ಕಾಣುತ್ತದೆ ಅಂತ ಇವತ್ತೇ ಒಂದು ವಿಡಿಯೋ ತೆಗೆಸುತ್ತೇನೆ, ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು. ಫಲಕ ಮುಚ್ಚಿರುವ ಕೊಂಬೆಗೆ ಇಲಾಖೆಯವರ ಅನುಮತಿ ಬೇಕಾ, ಸುಮ್ನೆ ಕತ್ತರಿಸಬಹುದಾ?

ಸಂಘದ ಕಾರ್ಯದರ್ಶಿ:
ಕೇಳಿ ತಿಳಿದುಕೊಂಡು ನಾಳೆ ಸಂಜೆಯೊಳಗೆ ಹೇಳುತ್ತೇನೆ. ಉದ್ದದ ಟೇಪ್ ಯಾರ ಹತ್ತಿರ ಇದೆ?

ಕೊನೇ ಮನೆ, 4ನೇ ಅಡ್ಡರಸ್ತೆ:
ನಮ್ಮಲ್ಲಿ 50 ಮೀಟರ್‌ದು ಇದೆ. ತರುತ್ತೇನೆ.